ಸೊಲ್ಲಿಗಾಗಿ ಕಾದ ಇಪ್ಪತ್ತಾರು ಸೆಕೆಂಡ್

ಕೊರೊನಾ ಮುಗಿದ ಮರುವರ್ಷ. ಕೊಳ್ಳೇಗಾಲದ ನಮ್ಮ ಸಮುದಾಯ ಸಂಗೀತ ರೇಡಿಯೊದಲ್ಲಿ ನಾನು ತಾಂತ್ರಿಕ ಉಸ್ತುವಾರಿ. ಲಾಭದ ಉದ್ದೇಶವಿಲ್ಲದ, ಎರಡೇ ಕೋಣೆಯ ಕೇಂದ್ರ. ನಮ್ಮ ನೇರಪ್ರಸಾರವನ್ನು ಇಂಟರ್ನೆಟ್ ಮೂಲಕ ಪಡೆದು ಹನೂರು, ಯಳಂದೂರಿನ ಜೊತೆ ಕೇಂದ್ರಗಳೂ ಬಿತ್ತರಿಸುತ್ತಿದ್ದವು. ಅಲ್ಲಿ ಸೈಲೆನ್ಸ್ ಡಿಟೆಕ್ಟರ್ ಎಂಬ ಸಾಧನವಿತ್ತು. ಮೂವತ್ತು ಸೆಕೆಂಡ್ ಸದ್ದಿಲ್ಲದಿದ್ದರೆ ಅದು ನಮ್ಮನ್ನು ಬಿಟ್ಟು ತನ್ನಲ್ಲಿರುವ ಹಾಡು ಹಾಕುತ್ತಿತ್ತು. ಆ ಗಂಟೆ ಮುಗಿಯುವವರೆಗೆ ನಮಗೆ ಮತ್ತೆ ಜಾಗವಿಲ್ಲ.

ಅವತ್ತು ಮಧ್ಯಾಹ್ನ ಸತ್ತೇಗಾಲದ ಪುಟ್ಟಮ್ಮನವರ ಸೋಬಾನೆ. ಅವರನ್ನು ಒಪ್ಪಿಸಲು ನಾಲ್ಕು ಸಲ ಬಸ್ ಹತ್ತಿದ್ದೆ. ಕೊನೆಗೂ ಬಂದದ್ದು ಒಂದೇ ಕಾರಣಕ್ಕೆ. ಸದಾ ಅವರ ಜೊತೆ ಹಾಡುತ್ತಿದ್ದ ತಂಗಿ ಸಿದ್ದಮ್ಮ ಲಕ್ವ ಹೊಡೆದು ಕೌದಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದರು. "ಅವ್ಳು ಕೇಳ್ತಾಳೆ ಅಂದ್ರೆ ಬತ್ತೀನಿ ಸಾ," ಎಂದಿದ್ದರು ಪುಟ್ಟಮ್ಮ. ಕೌದಳ್ಳಿಗೆ ಸಿಗುತ್ತಿದ್ದದ್ದು ಹನೂರಿನ ಕೇಂದ್ರ ಮಾತ್ರ.

ಪುಟ್ಟಮ್ಮನ ಜೊತೆ ಬಂದಿದ್ದ ಇಬ್ಬರು ಹೆಂಗಸರನ್ನು ಸ್ಟುಡಿಯೊ ಗಾಜಿನ ಈಚೆ, ನನ್ನ ಕೋಣೆಯಲ್ಲೇ ಕೂರಿಸಿಕೊಂಡೆ. ಇರುವುದೊಂದೇ ಮೈಕು, ಗದ್ದಲವೇಕೆ? ದೊಡ್ಡ ಬುದ್ಧಿವಂತ ನಾನು.

ಪುಟ್ಟಮ್ಮ ಮೊದಲ ಸಾಲು ಹಾಡಿ ನಿಲ್ಲಿಸಿದರು. ಐದು ಸೆಕೆಂಡ್, ಹತ್ತು. ಕೇಬಲ್ ಕಿತ್ತು ಮತ್ತೆ ಚುಚ್ಚಿದೆ, ದನಿ ಹೆಚ್ಚಿಸುವ ಫೇಡರ್ ಏರಿಸಿದೆ. ಎಲ್ಲ ಸರಿಯಾಗಿಯೇ ಇತ್ತು. ಹದಿನೆಂಟು. ಹಾಡಿ ಎಂದು ಕೈಬೀಸಿದೆ, ಆಗದೆಂದು ತಲೆಯಲ್ಲಾಡಿಸಿದರು. ಇನ್ನೇನು ಹನೂರು ನಮ್ಮನ್ನು ಬಿಡುತ್ತದೆ, ಸಿದ್ದಮ್ಮನಿಗೆ ಅಕ್ಕನ ಬದಲು ಯಾವುದೋ ಸಿನಿಮಾ ಹಾಡು ಕೇಳಿಸುತ್ತದೆ ಎಂದು ಬೆವೆತುಹೋದೆ.

ಪಕ್ಕದಲ್ಲಿದ್ದ ಹೆಂಗಸು ನನ್ನ ತೋಳು ಹಿಡಿದು ಜಗ್ಗಿದಳು. "ಸೊಲ್ಲು ಎತ್ಕಳೋರಿಲ್ದೆ ಅಕ್ಕ ಎಂಗ್ ಪದ ಏಳ್ತಾಳೆ ಸಾ? ಬಾಗ್ಲು ತಗೀರಿ!"

ಸೋಬಾನೆಯಲ್ಲಿ ಒಬ್ಬರು ಹಾಡಿದ ಸಾಲನ್ನು ಉಳಿದವರು ಎತ್ತಿಕೊಂಡು ಹಾಡಬೇಕು. ಅದೇ ಸೊಲ್ಲು. ಅದಾಗದೆ ಮುಂದಿನ ಸಾಲಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದ ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ ನೋಡಿ. ಓಡಿ ಬಾಗಿಲು ತೆಗೆದೆ. ಇಪ್ಪತ್ತಾರನೆಯ ಸೆಕೆಂಡಿಗೆ ಇಬ್ಬರೂ ಹೊಸಿಲಲ್ಲೇ ನಿಂತು ದನಿಯೆತ್ತಿದರು. ಹನೂರು ನಮ್ಮನ್ನು ಬಿಡಲಿಲ್ಲ.

ಕಾರ್ಯಕ್ರಮ ಮುಗಿಯುತ್ತಿದ್ದಂತೆ ಕೌದಳ್ಳಿಯಿಂದ ಫೋನ್ ಬಂತು, ಸ್ಪೀಕರಿಗೆ ಹಾಕಿದೆ. ಸಿದ್ದಮ್ಮನ ತೊದಲು ದನಿ: "ಅಕ್ಕೋ, ನೀ ನಿಂತ್ಕಂಡ್ಯಲ್ಲಾ, ಆಗ ಸೊಲ್ಲು ನಾನೇ ಎತ್ಕಂಡೆ ಕಣಕ್ಕ."

ಪುಟ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ನಿವೃತ್ತನಾಗುವವರೆಗೂ, ಸದ್ದು ನಿಂತರೆ ನಾನು ಮೊದಲು ನೋಡುತ್ತಿದ್ದದ್ದು ಹಾಡುವವರ ಮುಖ, ಕೇಬಲ್ ಆಮೇಲೆ. ನಾನು ಬೆವರು ಸುರಿಸಿದ ಆ ಇಪ್ಪತ್ತಾರು ಸೆಕೆಂಡೂ ಕೌದಳ್ಳಿಯ ಆ ಹಾಸಿಗೆಯಲ್ಲಿ ಹಾಡು ನಡೆದೇ ಇತ್ತು.