ನೆತ್ತಿಗೆ ಹತ್ತಿದ್ದಲ್ಲ, ಗಂಟಲಿಗೆ

ನಾನು ಚಿಕ್ಕವಳಿದ್ದಾಗ, ಅಂದರೆ ಎಂಟು ವರ್ಷದವಳು, ನಾವು ಖಾನಾಪುರದಲ್ಲಿದ್ದೆವು. ಅದಕ್ಕೀಗ ಅರವತ್ತೆರಡು ವರ್ಷವಾಯಿತು. ಆ ಮಧ್ಯಾಹ್ನ ಅವ್ವ ಹೊಸ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಮನೆಯೆಲ್ಲ ಹುಳಿ ವಾಸನೆ. ನಾನು ನುಣುಪಾದ ಏಳು ಬೀಜ ಆರಿಸಿಕೊಂಡು, ಮೇಲೆಸೆದು ಹಿಡಿಯುವ ಹರಳಾಟ ಆಡುತ್ತಿದ್ದೆ. ಹತ್ತು ತಿಂಗಳ ತಮ್ಮ ಪಕ್ಕದಲ್ಲೇ ಅಂಬೆಗಾಲಿಡುತ್ತಿದ್ದ. ಅವನನ್ನು ನೋಡಿಕೊ ಎಂದು ಅವ್ವ ಹೇಳಿದ್ದಳು. ನಾನು ಬೀಜ ನೋಡುತ್ತಿದ್ದೆ.

ತಮ್ಮ ಒಮ್ಮೆ ಕೆಮ್ಮಿದ. ಆಮೇಲೆ ಸದ್ದೇ ಇಲ್ಲ. ಬಾಯಿ ತೆರೆದಿತ್ತು, ಅಳು ಬರುತ್ತಿರಲಿಲ್ಲ.

"ನೆತ್ತಿಗಿ ಹತ್ತೇತಿ!" ಎಂದು ಅವ್ವ ಓಡಿಬಂದು ಅವನ ನೆತ್ತಿ ತಟ್ಟಿದಳು. ಆಯಿ, ಅಂದರೆ ಅಪ್ಪನ ಅವ್ವ, ನೆತ್ತಿಗೆ ಉಫ್ ಉಫ್ ಎಂದು ಊದಿದಳು. "ಯಾರೋ ನೆನಸಾಕತ್ತಾರ. ಅವರ ಹೆಸರ ತಗೀ, ನಿಂದರತೈತಿ."

"ಹಲಸಿ ಮಾವ... ಬೆಳಗಾವಿ ಅತ್ತಿ..." ಎನ್ನುತ್ತ ಅವ್ವ ತಟ್ಟುತ್ತಲೇ ಇದ್ದಳು. ತಮ್ಮನ ತುಟಿ ನೀಲಿಯಾಯಿತು.

ನನ್ನ ಮುಂದೆ ಆರೇ ಬೀಜವಿದ್ದವು. ಹೇಳಿದರೆ ಹೊಡೆತ ಬೀಳುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ. ಹಲಸಿ ಮಾವನಿಂದ ಬೆಳಗಾವಿ ಅತ್ತೆಯವರೆಗೆ ಮುಚ್ಚಿಕೊಂಡಿದ್ದೆ. ಆಮೇಲೆ ಕಿರುಚಿದೆ: "ಬೀಜ ನುಂಗ್ಯಾನ!"

ನಾವು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಬಾಜೂ ಮನೆಯಾಕೆ ಹೆರಿಗೆ ಮಾಡಿಸುವವಳು. ನನ್ನ ಕೂಗಿಗೆ ಬಂದಳು. ಅವ್ವ ತಮ್ಮನ ಬಾಯಿಗೆ ಬೆರಳು ಹಾಕಲು ಹೋಗಿದ್ದಳು. ಖಾಲಾ ಆ ಕೈಗೆ ಫಟ್ಟನೆ ಹೊಡೆದಳು.

"ಬೆರಳ ಹಾಕಿ ಇನ್ನಾ ಒಳಗ ದಬ್ಬತೀ ಏನ? ಸಿಕ್ಕಿದ್ದು ಗಂಟಲದಾಗ, ನೆತ್ತಿ ಯಾಕ ಬಡೀತೀರಿ?"

ತಮ್ಮನನ್ನು ಮುಂಗೈ ಮೇಲೆ ಬೋರಲು ಹಾಕಿ, ಗದ್ದ ಹಿಡಿದು, ತಲೆ ಕೆಳಗೆ ಮಾಡಿದಳು. ಎರಡು ಹೆಗಲ ನಡುವೆ ಅಂಗೈ ಬುಡದಿಂದ ಗುದ್ದಿದಳು. ನಾಲ್ಕನೆಯ ಏಟಿಗೆ ಬೀಜ ಟಕ್ಕೆಂದು ನೆಲಕ್ಕೆ ಬಿತ್ತು. ತಮ್ಮ ಅತ್ತ.

"ನೋಡ, ನೆನಸಿದಾಕಿ ಬೆಳಗಾವಿ ಅತ್ತಿ" ಎಂದಳು ಆಯಿ.

"ಹೌದೌದ, ಆಕೀನ ಬಂದು ಗುದ್ದಿದ್ಲು" ಎಂದಳು ಖಾಲಾ.

ನನಗೆ ಹೊಡೆತ ಬಿದ್ದೇ ಬಿದ್ದವು.

ಮೊಮ್ಮಕ್ಕಳೇ, ಈಗ ಬೆಳಗಾವಿಯ ಹಿಂದವಾಡಿಯಲ್ಲಿ ನಿಮ್ಮ ಅವ್ವ ದವಾಖಾನೆಗೆ ಹೋಗಿ, ಗೊಂಬೆಯ ಬೆನ್ನಿಗೆ ಗುದ್ದಿ ಇದನ್ನೇ ಕಲಿತು ಬಂದಿದ್ದಾಳೆ. ಖಾಲಾ ಗುದ್ದಿದ ಜಾಗವೇ. ನಿಮ್ಮ ಪುಟ್ಟ ತಂಗಿಗೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡುತ್ತಾಳೆ, ಶೇಂಗಾ ಮುಟ್ಟಿಸುವುದಿಲ್ಲ. ನೀವು ನಗುತ್ತೀರಿ. ನಗಬೇಡಿ. ನಿಮ್ಮ ಆಟಿಕೆಯ ಡಬ್ಬಿಯ ಮೇಲೆ ಎಷ್ಟು ವರ್ಷದವರಿಗೆ ಎಂದು ಬರೆದಿರುತ್ತದೆ. ಹುಣಸೆ ಬೀಜದ ಮೇಲೆ ಏನೂ ಬರೆದಿರಲಿಲ್ಲ. ಬರೆದಿದ್ದರೂ ನನಗೆ ಓದಲು ಬರುತ್ತಿರಲಿಲ್ಲ.

ಆ ಹೊಡೆತ ತಿಂದ ಮರುದಿನ ಬೆಳಿಗ್ಗೆ ಅವ್ವ ಬಟ್ಟೆ ಒಗೆಯಲು ಮಲಪ್ರಭೆಗೆ ಹೊರಟಾಗ ನಾನೂ ಹಿಂದೆ ಹೋದೆ. ತಮ್ಮನ ಕೈಯಿಂದ ಬಿಚ್ಚಿದ ಬೆಳ್ಳಿ ಬಳೆ, ಅವನ ಬಾಯಿಯಷ್ಟೇ ಅಗಲದ್ದು, ನನ್ನ ಮುಷ್ಟಿಯಲ್ಲಿತ್ತು. ದಂಡೆಯ ಕಲ್ಲುಗಳನ್ನು ಒಂದೊಂದಾಗಿ ಬಳೆಯೊಳಗೆ ತೂರಿಸಿ ನೋಡಿದೆ. ತೂರಿದವನ್ನೆಲ್ಲ ಹೊಳೆಗೆ ಎಸೆದೆ. ತೂರದ ಏಳು ಕಲ್ಲು ಉಡಿಯಲ್ಲಿ ತಂದು, ತಮ್ಮನ ಎದುರಿಗೇ ಆಟಕ್ಕೆ ಕುಳಿತೆ. ಎರಡಕ್ಕಿಂತ ಹೆಚ್ಚು ಕಲ್ಲು ಕೈಯಲ್ಲಿ ನಿಲ್ಲಲಿಲ್ಲ.