ಎದುರಿನ ಲೋಟ

ಬಿಸಿ ಲೋಟ ಹಿಡಿದು ಹಿಡಿದು ಅವರ ಬಲಗೈಯ ಬೆರಳ ತುದಿಗಳು ನುಣುಪಾಗಿದ್ದವು, ಗೆರೆಗಳೇ ಉಳಿದಿರಲಿಲ್ಲ. ಚೆನ್ನೈಯ ಟ್ರಿಪ್ಲಿಕೇನಿನ ಉಡುಪಿ ಹೋಟೆಲೊಂದರಲ್ಲಿ ಅವರು ಸಪ್ಲೈಯರ್, ಕುಂದಾಪುರದ ಕಡೆಯವರು. ನಾನು ಅಣ್ಣ ಎನ್ನುತ್ತಿದ್ದೆ.

ತೊಂಬತ್ತರ ದಶಕದ ಕೊನೆ. ನಾನು ಎಂ.ಫಿಲ್ ಪ್ರಬಂಧ ಬರೆಯುತ್ತಿದ್ದೆ. ಲೈಬ್ರರಿ ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಅಡ್ಯಾರಿನ ಮನೆಯಲ್ಲಿ ಒಂಬತ್ತು ಜನ, ಒಂದೇ ಮೇಜು. ಮರೀನಾದಲ್ಲಿ ಹುಡುಗಿಯೊಬ್ಬಳೇ ಹತ್ತು ನಿಮಿಷ ಕುಳಿತರೆ ಯಾರಾದರೂ ಬಂದು ಕಾರಣ ಕೇಳುವರು. ಹೋಟೆಲಿನಲ್ಲಿ ಹೆಂಗಸರಿಗೆ ಮಹಡಿಯ ಫ್ಯಾಮಿಲಿ ರೂಮ್; ಅಲ್ಲಿ ಕೂರಲು ಫ್ಯಾಮಿಲಿ ಬೇಕು. ಎಲ್ಲೂ ಬೋರ್ಡು ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕಾರಣ ಹೇಳಿ ಹೇಳಿ ನನಗೆ ಸಾಕಾಗಿತ್ತು. ಬರೆಯಲು ಒಂದು ಜಾಗ ಬೇಕಿತ್ತು, ಅಷ್ಟೇ.

ಮೊದಲ ದಿನ ಕೆಳಗೇ, ಕಿಟಕಿಯ ಪಕ್ಕ ಕುಳಿತೆ. ಗಲ್ಲಾದಲ್ಲಿದ್ದ ಮಾಲೀಕರು ಕತ್ತೆತ್ತಿ ನೋಡಿದರು. ಅಣ್ಣ ನನ್ನ ಕಾಫಿ ಇಟ್ಟು, ಎದುರಿನ ಖಾಲಿ ಕುರ್ಚಿಯ ಮುಂದೆ ಒಂದು ಲೋಟ ನೀರೂ ಇಟ್ಟರು.

“ನಾನು ತನಿಯಾ ಬಂದಿದ್ದೀನಿ” ಎಂದೆ. ಒಬ್ಬಳೇ ಎನ್ನಬೇಕಿತ್ತು, ಬಾಯಿಗೆ ತಮಿಳು ಬಂದಿತ್ತು.

“ನಿಮ್ಮ ಕನ್ನಡಕ್ಕೂ ಇಲ್ಲಿನ ಸಾಂಬಾರ್ ಬಿತ್ತಾ!” ಎಂದು ನಕ್ಕು ದನಿ ತಗ್ಗಿಸಿದರು. “ಒಬ್ರೇ ಕೂಕಂಡ್ರೆ ಎಲ್ರ ಕಣ್ಣೂ ಇಲ್ಲೇ. ಲೋಟ ಇರ್ಲಿ.”

ಒಂದು ಸಂಜೆ, ಸುತ್ತಲಿನ ಮೇಜುಗಳೆಲ್ಲ ಖಾಲಿಯಿದ್ದರೂ ಗಿರಾಕಿಯೊಬ್ಬ ಬಂದು ಆ ಕುರ್ಚಿಯನ್ನೇ ಎಳೆದ. ಅಣ್ಣ ಒದ್ದೆ ಬಟ್ಟೆ ಹಾಕಿ ಕುರ್ಚಿಯನ್ನೇ ಒರೆಸತೊಡಗಿದರು. “ಆಳ್ ವರಾಂಗ ಸಾರ್. ವಂದುಟ್ಟೇ ಇರುಕ್ಕಾಂಗ.” ಬರುವವರು ದಾರಿಯಲ್ಲಿದ್ದಾರೆ! ಎರಡು ವರ್ಷ ಅವರು ದಾರಿಯಲ್ಲೇ ಇದ್ದರು.

“ಯಾರು ಬರೋದು ಅಂತ ಮಾಲೀಕರು ಕೇಳಿದರೆ?”

“ಕೇಳಿ ಆಯ್ತಲ್ಲ. ನಿಮ್ಮ ಅಣ್ಣ ಅಂದೆ. ಸುಳ್ಳಾ?”

ಪ್ರಬಂಧ ಒಪ್ಪಿಸಿದ ದಿನ, “ಇವತ್ತಾದರೂ ಕೂತ್ಕೊಳ್ಳಿ ಅಣ್ಣ” ಎಂದೆ. ಅವರು ಗಲ್ಲಾದ ಕಡೆ ನೋಡಿದರು. ಸಪ್ಲೈಯರುಗಳು ಗಿರಾಕಿಗಳ ಕುರ್ಚಿಯಲ್ಲಿ ಕೂರುವಂತಿಲ್ಲ ಎಂಬುದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಅವರು ಕುಳಿತದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

“ನಮ್ಗೆಲ್ಲ ಇಲ್ಲಿ ಕೂಕಂಬುಕಾತ್ತಾ ತಂಗಿ?” ಎಂದರು. ನಾನು ಕಾಫಿ ಮುಗಿಸುವವರೆಗೂ ಆ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತೇ ಇದ್ದರು. ಕಾಲುಗಳು ಊದಿದ್ದವು.

ಆಮೇಲೆ ಊರಿನ ಇನ್ನೊಂದು ತುದಿಯ ಅಂಬತ್ತೂರಿನಲ್ಲಿ ಕೆಲಸ ಸಿಕ್ಕಿತು. ಆ ಕಡೆ ಹೋಗುವುದು ತಪ್ಪಿತು. ಕೆಲವು ವರ್ಷಗಳ ನಂತರ ಮತ್ತೆ ಅಲ್ಲಿಗೆ ಹೋದಾಗ, ಅಣ್ಣ ಊರಿಗೆ ಹೋಗಿ ಅಲ್ಲೇ ತೀರಿಕೊಂಡರೆಂದು ಮಾಲೀಕರು ಹೇಳಿದರು. ನಾನು ಅದೇ ಕಿಟಕಿಯ ಪಕ್ಕ ಕುಳಿತೆ. ಹೊಸ ಸಪ್ಲೈಯರ್ ಒಂದೇ ಲೋಟ ತಂದು, “ತನಿಯಾ, ಮೇಡಂ?” ಎಂದರು.

“ಇಲ್ಲ” ಎಂದೆ. “ವಂದುಟ್ಟೇ ಇರುಕ್ಕಾಂಗ.”

ಎದುರಿಗೆ ಇನ್ನೊಂದು ಲೋಟ ಬಂತು.