ಮೂರನೆಯವಳ ಕೊನೆಯ ಲೆಕ್ಕ

ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಅತ್ತೆ ಎಂದೇ. ಅವರಿಗೆ ಸೊಸೆಯೂ ಇಲ್ಲ, ಅಳಿಯನೂ ಇಲ್ಲ, ಇದ್ದದ್ದು ಬಾಯಿ. ಕಾಫಿ ಲೋಟ ಹಿಡಿದು ಯಂತ್ರದ ಕೋಣೆಗೆ ಕಾಲಿಟ್ಟವರು ಪ್ರೊಫೆಸರೇ ಆಗಲಿ, ಹಿಗ್ಗಾಮುಗ್ಗಾ ಬೈಸಿಕೊಂಡೇ ಹೊರಗೆ ಬರಬೇಕಿತ್ತು.

ಕೇಂದ್ರ ಹುಟ್ಟಿದ್ದು ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಆಗ ಅತ್ತೆ ಯಂತ್ರಕ್ಕೆ ಲೆಕ್ಕ ಉಣಿಸುವ ಕಾರ್ಡುಗಳಿಗೆ ತೂತು ಹೊಡೆಯುವ ಹುಡುಗಿ. ಮೊದಲ ಯಂತ್ರ ಬಾಗಿಲಲ್ಲಿ ತೂರದೆ ಗೋಡೆ ಒಡೆದು ಒಳಗೆ ತಂದರು. ಅದರ ಬುದ್ಧಿ ಇವತ್ತಿನ ಮೊಬೈಲಿನ ಮುಂದೆ ಏನೇನೂ ಅಲ್ಲ ಬಿಡಿ. ಆದರೂ ಅದು ಮೊದಲ ಉತ್ತರ ಮುದ್ರಿಸಿದ ದಿನ ಆಗಿನ ನಿರ್ದೇಶಕರು ಕುರ್ಚಿ ಹತ್ತಿ ಕುಣಿದಿದ್ದರು! ಎರಡನೆಯದಕ್ಕೆ ಹೊಸ ಕಟ್ಟಡವೇ ಎದ್ದಿತು. ಮೂರನೆಯದು ಬರುವ ಹೊತ್ತಿಗೆ ಅತ್ತೆ ಯಂತ್ರದ ಕೋಣೆಯ ಮೇಲ್ವಿಚಾರಕಿಯಾಗಿದ್ದರು. ಅದನ್ನು ಅವರು ಯಂತ್ರ ಎಂದು ಕರೆದದ್ದೇ ಇಲ್ಲ. ಮೂರನೆಯವಳು ಅಂದರೆ ಮೂರನೆಯವಳು, ಅಷ್ಟೇ.

ಕೇಂದ್ರಕ್ಕೆ ಒಂದು ಕಟ್ಟಳೆಯಿತ್ತು. ಒಳಗೆ ಲೆಕ್ಕ ನಡೆಯುತ್ತಿರುವಾಗ ಯಂತ್ರ ಆರಿಸುವಂತಿಲ್ಲ. ಮೊದಲ ಯಂತ್ರದ ಕಾಲದಲ್ಲಿ ಯಾರೋ ಪುಣ್ಯಾತ್ಮ ಅವಸರಕ್ಕೆ ಬಿದ್ದು ಸ್ವಿಚ್ ಎಳೆದು, ಇನ್ನೊಬ್ಬರ ವರ್ಷದ ಶ್ರಮವನ್ನು ನೀರುಪಾಲು ಮಾಡಿದ್ದ. ಅಂದಿನಿಂದ ಅದು ಬದಲಾಗದ ಮಾತು. ಹಿಂದಿನ ಎರಡನ್ನೂ ಅತ್ತೆ ಕೆಲಸವೆಲ್ಲ ಮುಗಿದ ಮೇಲೆಯೇ ಕೈಯಾರೆ ಆರಿಸಿದ್ದರು.

ಈಗ ನಾಲ್ಕನೆಯದರ ಸರದಿ. ಕೇಂದ್ರದಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಮೇಲಿನ ಸಭಾಂಗಣದಲ್ಲಿ ಉದ್ಘಾಟನೆಗೆ ಬಂದ ಕುಲಪತಿಗಳು, ಅತಿಥಿಗಳು, ಕ್ಯಾಮೆರಾದವರು. ತೊಡಕು ಒಂದೇ: ಕಟ್ಟಡಕ್ಕೆ ಬರುವ ವಿದ್ಯುತ್ತು ಒಂದು ಯಂತ್ರಕ್ಕೆ ಮಾತ್ರ ಸಾಲುತ್ತಿತ್ತು. ಹಳೆಯದು ಆರಿದರೆ ಮಾತ್ರ ಹೊಸದು ಹೊತ್ತೀತು. ಆದರೆ ಮೂರನೆಯವಳ ಒಳಗೆ ಇನ್ನೂ ಒಂದು ಲೆಕ್ಕ ಓಡುತ್ತಿತ್ತು.

ಅದು ಒಬ್ಬ ಸಂಶೋಧಕಿಯ ಲೆಕ್ಕ. ಎಳೆಮಗುವಿನ ಹೃದಯದ ಕವಾಟದಲ್ಲಿ ರಕ್ತ ಎಲ್ಲಿ ಸುಳಿ ಸುತ್ತುತ್ತದೆ ಎಂಬುದನ್ನು ಆ ಹುಡುಗಿ ಹುಡುಕುತ್ತಿದ್ದಳು. “ಸೇರಿಸಮ್ಮ, ಉದ್ಘಾಟನೆಯ ಹಿಂದಿನ ದಿನಕ್ಕೇ ಮುಗಿದಿರುತ್ತೆ” ಎಂದು ಜಂಬದಿಂದ ಒಪ್ಪಿಕೊಂಡವರು ಅತ್ತೆಯೇ. ಪಾಪ, ಮೂರನೆಯವಳಿಗೂ ವಯಸ್ಸಾಗಿತ್ತು. ಫ್ಯಾನುಗಳು ಸೋತು, ಮೈ ಬಿಸಿಯೇರಿ, ನಡಿಗೆ ನಿಧಾನವಾಗಿತ್ತು.

ನಿರ್ದೇಶಕರು ಓಡಿಬಂದರು. “ಅತ್ತೆ, ಎಲ್ಲರೂ ಕಾಯ್ತಾ ಇದ್ದಾರೆ. ಆರಿಸಿಬಿಡಿ.”

“ಒಳಗೆ ಲೆಕ್ಕ ಇದೆ.”

“ಎಷ್ಟಾಗಿದೆ?”

“ನೂರಕ್ಕೆ ತೊಂಬತ್ತಾರು.”

“ಅಯ್ಯೋ ದೇವರೇ!” ಎಂದು ಅವರು ತಲೆಯ ಮೇಲೆ ಕೈಹೊತ್ತರು.

ಅಷ್ಟರಲ್ಲಿ ಸಂಶೋಧಕಿಯೂ ಏದುಸಿರು ಬಿಡುತ್ತ ಬಂದಳು. “ನನ್ನಿಂದ ಇಷ್ಟೆಲ್ಲ ರಾದ್ಧಾಂತ ಬೇಡ ಅತ್ತೆ. ಆರಿಸಿಬಿಡಿ. ಹೊಸದಕ್ಕೆ ಹಾಕಿದ್ರೆ ಕಾಫಿ ಕುಡಿದು ಮುಗಿಸೋದ್ರೊಳಗೆ ಉತ್ತರ ಬರುತ್ತೆ.”

ಯಾರಿಗಾಗಿ ಸ್ವಿಚ್ಚಿಗೆ ಅಡ್ಡ ನಿಂತಿದ್ದರೋ ಅವಳ ಬಾಯಿಂದಲೇ ಈ ಮಾತು! ಅದರಲ್ಲಿ ಸುಳ್ಳೇನೂ ಇರಲಿಲ್ಲ, ಅತ್ತೆಗೆ ಉರಿದದ್ದೂ ಅದಕ್ಕೇ.

“ಗೊತ್ತು ಕಣೆ, ಬರುತ್ತೆ. ಆದ್ರೆ ಇವಳು ಇಷ್ಟು ವರ್ಷ ಹಗಲೂ ರಾತ್ರಿ ದುಡಿದಿದಾಳೆ. ಕೊನೇ ಕೆಲಸ ಅರ್ಧಕ್ಕೆ ಬಿಟ್ಟು ಹೋಗು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?” ಎಂದರು ಅತ್ತೆ.

ನಿರ್ದೇಶಕರು ಮೆಟ್ಟಿಲೇರಿ ಹೋದರು. ಕಾವಲಿನವರನ್ನು ಕರೆತರುತ್ತಾರೆ ಎಂದೇ ಅತ್ತೆ ಸೆರಗು ಬಿಗಿದರು. ಬಂದದ್ದು ಮಾತ್ರ ಇಡೀ ಸಭೆ! ಕುಲಪತಿಗಳು ಮುಂದೆ, ಉಳಿದವರೆಲ್ಲ ಹಿಂದೆ, ದಬದಬನೆ ಇಳಿದು ಬಂದರು.

“ಭಾಷಣ ಆಮೇಲೆ ಆಗಲಿ,” ಎಂದರು ನಿರ್ದೇಶಕರು. “ನನ್ನ ಪಿಎಚ್.ಡಿ. ಲೆಕ್ಕ ಮಾಡಿಕೊಟ್ಟಿದ್ದೂ ಇದೇ ಯಂತ್ರ. ಇದು ಮುಗಿಸೋದನ್ನ ನೋಡೋಣ ಬನ್ನಿ.”

ತೊಂಬತ್ತೇಳು! ಜನ ಪರದೆಯ ಮುಂದೆ ಮುಗಿಬಿದ್ದರು. ಶಾಖ ಏರುತ್ತಿತ್ತು. ಅತ್ತೆ ಹಿಂಬದಿಯ ಬಾಗಿಲುಗಳನ್ನೆಲ್ಲ ತೆರೆದರು. ಪ್ರಯೋಜನವಿದೆಯೋ ಇಲ್ಲವೋ, ಅತಿಥಿಯೊಬ್ಬರು ತಮ್ಮ ಭಾಷಣದ ಹಾಳೆಗಳನ್ನೇ ಬೀಸಣಿಗೆ ಮಾಡಿಕೊಂಡು ಯಂತ್ರಕ್ಕೆ ಗಾಳಿ ಹಾಕತೊಡಗಿದರು. ತೊಂಬತ್ತೆಂಟು. ತೊಂಬತ್ತೊಂಬತ್ತು. ಅಲ್ಲಿಗೆ ಅಂಕಿ ಜಪ್ಪಯ್ಯ ಎಂದರೂ ಕದಲದೆ ನಿಂತುಬಿಟ್ಟಿತು.

“ಕೆಟ್ಟುಹೋಯ್ತಾ?” ಎಂದರು ಕುಲಪತಿಗಳು.

“ಬಾಯಿ ಮುಚ್ಕೊಂಡು ನಿಂತ್ಕೊಳ್ರೀ! ಉತ್ತರ ಬರೆದಿಡೋದು ಬೇಡ್ವಾ ಅದು?” ಎಂದು ಅತ್ತೆ ಗದರಿಸಿದರು. ಯಾರನ್ನು ಗದರಿಸಿದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ನೂರು ಮೂಡಿತ್ತು.

ಅಬ್ಬಬ್ಬಾ, ಆ ಕೇಕೆ! ಕುಲಪತಿಗಳೇ ಎರಡೂ ಕೈ ಎತ್ತಿ ಕೂಗಿದರು. ಗೊತ್ತಿಲ್ಲದವರು ಗೊತ್ತಿಲ್ಲದವರ ಬೆನ್ನು ತಟ್ಟಿದರು. ಅತ್ತೆ ಮಾತ್ರ ಪರದೆಯನ್ನು ಮತ್ತೊಮ್ಮೆ ನೋಡಿ, ಒಳಗೆ ಇನ್ನೇನೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, “ಸಾಕು ತಾಯಿ, ಮಲಗು” ಎಂದು ಸ್ವಿಚ್ ಇಳಿಸಿದರು.

ನಾಲ್ಕನೆಯದು ಹೊತ್ತಿಕೊಂಡಿತು. ಅದರ ಕೈಚಳಕ ನೋಡೋಣವೆಂದು ಸಂಶೋಧಕಿ ಅದೇ ಲೆಕ್ಕವನ್ನು ಅದಕ್ಕೂ ಕೊಟ್ಟಳು. ಅವಳು ಹೇಳಿದ್ದೇ ಆಯಿತು; ಅತಿಥಿಗಳ ಲೋಟ ಖಾಲಿಯಾಗುವ ಮುಂಚೆಯೇ ಉತ್ತರ ಬಂತು. ಚಪ್ಪಾಳೆಯೋ ಚಪ್ಪಾಳೆ. ಅತ್ತೆಯೂ ತಟ್ಟಿದರು, ಖುಷಿಯಿಂದಲೇ ತಟ್ಟಿದರು. ಆದರೂ ಒಳಗೆಲ್ಲೋ ಚುರುಕ್ಕೆಂದಿತು.

ಹುಡುಗಿ ಎರಡೂ ಯಂತ್ರಗಳು ಕೊಟ್ಟ ನಕ್ಷೆಗಳನ್ನು ಹಿಡಿದು ಅವರ ಹತ್ತಿರ ಓಡಿಬಂದಳು. ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಳು. ಸುಳಿಯ ಗೆರೆಗಳು ಒಂದಕ್ಕೊಂದು ಕೂತುಬಿಟ್ಟವು.

“ನೋಡಿ ಅತ್ತೆ, ಒಂದೇ!”

“ಒಳ್ಳೇದಾಯ್ತು. ಇನ್ನೇನು, ಪ್ರಬಂಧಕ್ಕೆ ಹೊಸದರದ್ದು ಹಾಕ್ತೀಯ.”

“ಇಲ್ಲ, ಹಳೇದೇ ಹಾಕೋದು. ಉತ್ತರ ಹೇಳಿದ್ದು ಅವಳು. ಇದು ಬರೀ ಹೌದು ಅಂತು, ಅಷ್ಟೇ.”

ಅತ್ತೆ ಅವಳನ್ನು ತಬ್ಬಿಕೊಂಡು, ಕುಲಪತಿಗಳೆದುರೇ ಗಳಗಳನೆ ಅತ್ತುಬಿಟ್ಟರು.